ಮೀನಿನ ತಟ್ಟೆ ಎಸೆದ ಕಾರಣ

ಇಪೋ, ಹಳೇ ಪೇಟೆ
ಸೋಮವಾರ, ಅಂಗಡಿಗೆ ರಜೆ

ಹಠಮಾರಿ ಮಗಳು ಯಿನ್‌ಗೆ,

ನಾನು ಪತ್ರ ಬರೆಯುವವನಲ್ಲ. ನಲವತ್ತೊಂದು ವರ್ಷದಲ್ಲಿ ನಾನು ಬರೆದದ್ದೆಲ್ಲ ಗಿರಾಕಿಗಳ ಮೇಜಿನ ನಂಬರು, ಅದರ ಪಕ್ಕದಲ್ಲಿ ‘ಖಾರ ಬೇಡ’, ‘ಸೊಪ್ಪು ಜಾಸ್ತಿ’, ಅಷ್ಟೇ. ಆದರೆ ಬೇರೆ ದಾರಿ ಎಲ್ಲಿ ಇಟ್ಟಿದ್ದೀಯ? ಫೋನ್ ಮಾಡಿದರೆ ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೆ ನಾನು ಕೂಗುತ್ತೇನೆ, ಕೂಗಿದರೆ ನೀನು ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ನನ್ನ ಗಂಟಲು ನಿನಗೆ ಕೇಳಿಸುವುದಿಲ್ಲ. ಪೂರ್ತಿ ಓದು. ಅರ್ಧಕ್ಕೆ ಹರಿದು ಹಾಕುವುದು ನಿನ್ನ ಸ್ವಭಾವ, ಅದು ಯಾರಿಂದ ಬಂದದ್ದು ಎಂದು ನಿನ್ನ ಅಮ್ಮನನ್ನು ಕೇಳಬೇಡ, ಅವಳು ನನ್ನ ಕಡೆ ನೋಡುತ್ತಾಳೆ.

ನಾಲ್ಕು ತಿಂಗಳಾಯಿತು ನೀನು ಈ ಮನೆಯ ಹೊಸ್ತಿಲು ತುಳಿದು. ಕ್ವಾಲಾ ಕಂಗ್ಸಾರ್ ಏನು ಚಂದ್ರಲೋಕವೇ? ಒಂದು ಗಂಟೆಯ ದಾರಿ. ಈದ್ ಹಬ್ಬಕ್ಕೆ ನಿನ್ನ ಅಮ್ಮ ಒಬ್ಬಳೇ ಬಸ್ಸು ಹತ್ತಿ ನಿನ್ನ ಮನೆಗೆ ಬಂದಳು. ವಾಪಸ್ಸು ಬರುವಾಗ ನೀನು ಒಂದು ಡಬ್ಬಿ ಕೊಟ್ಟು ಕಳಿಸಿದ್ದೆ. ತೆರೆದು ನೋಡಿದೆ. ರೆಂಡಾಂಗ್ ಇತ್ತು, ತೆಂಗಿನಕಾಯಿ ಹಾಕಿ ಬತ್ತಿಸಿದ ಮಾಂಸ, ಒಬ್ಬರಿಗೆ ಆಗುವಷ್ಟು. ಒಬ್ಬರಿಗೆ! ಮನೆಯಲ್ಲಿ ಇಬ್ಬರು ಇದ್ದಾರೆ ಎಂದು ನಿನಗೆ ಗೊತ್ತಿಲ್ಲವೇ? ನಿನ್ನ ಅಮ್ಮ ‘ನನಗೆ ಬೇಡ, ನಾನು ಅಲ್ಲೇ ತಿಂದೆ’ ಅಂದಳು. ನನಗೂ ಬೇಡ ಅಂದೆ. ಅವಳು ಮಾರುಕಟ್ಟೆಗೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ತಿಂದೆ. ತೆಂಗಿನಕಾಯಿ ಇನ್ನೂ ಸ್ವಲ್ಪ ಹೊತ್ತು ಹುರಿಯಬೇಕಿತ್ತು. ಅಷ್ಟು ಬಿಟ್ಟರೆ ತಪ್ಪು ಹುಡುಕಲು ಏನೂ ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ಅವಳ ಕೈಯಲ್ಲೇ ನೀನು ಹೇಳಿ ಕಳಿಸಿದ ಮಾತೂ ಬಂತು. ‘ನನ್ನ ಗಂಡನ ಮುಂದೆ ಹಬ್ಬದ ಊಟದ ತಟ್ಟೆ ಎಸೆದ ಮನೆಗೆ ನಾನು ಇನ್ನು ಕಾಲಿಡಲ್ಲ. ಅಪ್ಪ ನಮ್ಮನ್ನ ಯಾವತ್ತೂ ಒಪ್ಪಲೇ ಇಲ್ಲ ಅಂತ ನನಗೆ ಈಗ ಗೊತ್ತಾಯ್ತು.’ ಇದೇ ತಾನೇ ನೀನು ಹೇಳಿದ್ದು? ನಿನ್ನ ಅಮ್ಮ ಒಂದಕ್ಷರ ಬಿಡದೆ ಒಪ್ಪಿಸಿದಳು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ. ಅದಕ್ಕೆ ಉತ್ತರವೇ ಈ ಪತ್ರ. ಉತ್ತರ ಕೊಡುವ ಮೊದಲು ಸ್ವಲ್ಪ ಬೈಯುತ್ತೇನೆ, ಇಲ್ಲದಿದ್ದರೆ ನನಗೆ ಬರೆಯಲು ಬರುವುದಿಲ್ಲ.

ಮದುವೆಯ ವಿಷಯಕ್ಕೆ ನಾನು ಕೂಗಾಡಿದ್ದು ನಿಜ. ಶುಕ್ರಿಯನ್ನು ಮದುವೆಯಾಗಲು ನೀನು ಅವನ ಮತಕ್ಕೆ ಹೋಗುತ್ತೇನೆ ಎಂದಾಗ ಮೂರು ವಾರ ಮಾತು ಬಿಟ್ಟದ್ದೂ ನಿಜ. ಆ ಮೂರು ವಾರದಲ್ಲಿ ನನ್ನ ಸಾರಿಗೆ ಉಪ್ಪು ಹೆಚ್ಚಾಗಿ ನಾನು ಒಲೆ ಇಟ್ಟು ನೂಡಲ್ಸ್ ಮಾರುವ ಕಾಫಿ ಅಂಗಡಿಯ ಯಜಮಾನ ಪೂನ್ ಎಲ್ಲರ ಮುಂದೆ, ‘ಥಾಯ್, ನಿನ್ನ ನೂಡಲ್ಸ್ ತಿಂದೋರೆಲ್ಲ ಎರಡೆರಡು ಗ್ಲಾಸ್ ಕಾಫಿ ಕುಡೀತಿದಾರೆ ಕಣಯ್ಯಾ, ನನಗಂತೂ ಲಾಭ’ ಎಂದು ಹಾಸ್ಯ ಮಾಡಿದ. ಆಮೇಲೆ ಹುಡುಗ ಮನೆಗೆ ಬಂದ. ಎರಡು ಕೈಯಲ್ಲಿ ನನ್ನ ಕೈ ಹಿಡಿದು ಎದೆಗೆ ಮುಟ್ಟಿಸಿಕೊಂಡ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಮೇಷ್ಟ್ರು, ಮಾತು ಕಡಿಮೆ, ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲ. ಅಗುಳು ಬಿಡದವನನ್ನು ದ್ವೇಷಿಸುವುದು ನನಗೆ ಕಷ್ಟ. ಅಲ್ಲಿಗೆ ನನ್ನ ಕೋಪ ಮುಗಿಯಿತು. ನಿನಗೆ ಅದು ಕಾಣಲಿಲ್ಲ, ಯಾಕೆಂದರೆ ಕೋಪ ಹೋದ ಮೇಲೂ ನನ್ನ ಮುಖ ಹಾಗೆಯೇ ಇರುತ್ತದೆ.

ಆದರೆ ಊಟ? ನಾವು ಚೀನೀಯರು ಎಂಥ ಜನ, ಹೇಳು. ಮದುವೆ, ಸಾವು, ಪರೀಕ್ಷೆ ಪಾಸಾದದ್ದು, ಕೆಲಸ ಹೋದದ್ದು, ಎಲ್ಲಕ್ಕೂ ನಾವು ಕೇಳುವ ಮೊದಲ ಪ್ರಶ್ನೆ, ಎಲ್ಲಿ ತಿನ್ನೋಣ? ನೀನು ಹುಟ್ಟಿದಾಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ನನ್ನ ಅಂಗಡಿ ತೆರೆಯುವ ಮೊದಲು, ಹಂದಿಮಾಂಸ ತುಂಬಿದ ಕಡುಬಿನ ಅಂಗಡಿಯಲ್ಲಿ ಮೂಲೆಯ ಮೇಜು ನಮ್ಮದು. ನನ್ನ ವ್ಯಾಪಾರವೋ ಹಂದಿಮಾಂಸದ ನೂಡಲ್ಸ್. ನೀನು ಮೊದಲು ನಡೆಯಲು ಕಲಿತದ್ದೇ ನನ್ನ ಒಲೆಯ ಮುಂದಿನ ಸ್ಟೂಲು ಹಿಡಿದು. ನೀನು ಮತ ಬದಲಾಯಿಸಿದ ಒಂದೇ ದಿನದಲ್ಲಿ ಕಡುಬಿನ ಅಂಗಡಿ ಹೋಯಿತು, ನನ್ನ ಅಂಗಡಿ ಹೋಯಿತು, ಮನೆಯ ಬಾಣಲೆಯೂ ಹೋಯಿತು. ಮಗಳು ಹೋಗಲಿಲ್ಲ, ಅವಳು ಕೂರುವ ಮೇಜು ಹೋಯಿತು. ಇದಕ್ಕೆ ಏನು ಮಾಡಬೇಕೆಂದು ಯಾವ ಹಿರಿಯರೂ ನನಗೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಎರಡು ವರ್ಷ ನಾವು ಮೇಜು ಹುಡುಕಿಕೊಂಡು ಅಲೆದೆವು. ಮೊದಲು ಮಾಲ್‌ನಲ್ಲಿ ಹಲಾಲ್ ಕಡುಬು. ಹಂದಿಯ ಜಾಗದಲ್ಲಿ ಕೋಳಿ ತುಂಬಿಸಿ ಅದೇ ಹೆಸರು ಇಟ್ಟಿದ್ದರು. ‘ಇದು ಕೋಳಿಗೆ ವೇಷ ಹಾಕಿಸಿ ನಾಟಕ ಆಡಿಸ್ತಿರೋದು’ ಅಂದೆ. ಸ್ವಲ್ಪ ಜೋರಾಗಿ ಅಂದೆ. ಅಡುಗೆಯವನು ಕಿಂಡಿಯಿಂದ ತಲೆ ಹೊರಹಾಕಿ ನೋಡಿದ. ನೀನು ಮೇಜಿನ ಕೆಳಗೆ ನನ್ನ ಕಾಲು ತುಳಿದೆ, ಹೊಸ ಚಪ್ಪಲಿ ಅದು.

ಆಮೇಲೆ ಮಮಕ್ ಅಂಗಡಿ, ತಮಿಳು ಮುಸ್ಲಿಮರ ಹೋಟೆಲು. ಅಲ್ಲಿ ಎಲ್ಲರೂ ತಿನ್ನಬಹುದು, ಒಪ್ಪಿದೆ. ಬೆಳಿಗ್ಗೆಯೂ ತೆರೆದಿರುತ್ತದೆ, ಸಂಜೆಯೂ ತೆರೆದಿರುತ್ತದೆ, ಪ್ರಳಯವಾದರೂ ತೆರೆದಿರುತ್ತದೆ. ಆದರೆ ಆ ಪುಣ್ಯಾತ್ಮ ನನ್ನ ಅನ್ನದ ಮೇಲೆ ಮೀನಿನ ಸಾರು ಹಾಕಿದ, ಅದರ ಮೇಲೆ ಕೋಳಿ ಸಾರು, ಅದರ ಮೇಲೆ ಬೇಳೆ ಸಾರು, ಅದರ ಮೇಲೆ ಇನ್ನೊಂದು ಕಪ್ಪು ಸಾರು. ‘ಸಾಕಪ್ಪಾ, ನಾನು ಅನ್ನ ಕೇಳಿದ್ದು, ಪ್ರವಾಹ ಕೇಳಿಲ್ಲ’ ಅಂದರೆ ಅವನು ನಗುತ್ತಾ, ‘ಬಾಸ್, ಪ್ರವಾಹ ಬಂದ್ರೇನೇ ರುಚಿ’ ಅಂದ. ಜೀವನವಿಡೀ ಒಂದೇ ತಿಳಿ ಸಾರನ್ನು ಐದು ಗಂಟೆ ಕುದಿಸಿ, ನೊರೆ ತೆಗೆದು, ಗಾಜಿನ ಹಾಗೆ ಮಾಡುವವನು ನಾನು. ಆ ತಟ್ಟೆ ನೋಡಿ ನನಗೆ ಅಳು ಬಂತು. ಶುಕ್ರಿ ಮಾತ್ರ ಅದನ್ನು ಕಲಸಿ ಕಲಸಿ ಖುಷಿಯಿಂದ ತಿಂದ. ಕೊನೆಗೆ ನಾನೂ ತಟ್ಟೆ ಖಾಲಿ ಮಾಡಿದೆ, ಆದರೆ ನಿನಗೆ ಹೇಳಲಿಲ್ಲ.

ನಮ್ಮ ಬೀಗಿತ್ತಿ ರೊಕಿಯಾ ಅವರ ಜೊತೆ ಸೀಗಡಿ ತಿನ್ನಲು ಹೋದದ್ದು ಬೇಡವೇ ಬೇಡ. ಶುಕ್ರಿಯ ತಾಯಿ ಎಂದು ಮರ್ಯಾದೆಗೆ ನಾನು ಬಿಲ್ಲು ಕೊಡಲು ಕೈತೊಳೆಯುವ ನೆಪದಲ್ಲಿ ಎದ್ದು ಕೌಂಟರಿಗೆ ಹೋದೆ. ಅಲ್ಲಿ ನೋಡಿದರೆ ಆಯಮ್ಮ ನಾವು ಬರುವ ಮೊದಲೇ ಬಂದು ದುಡ್ಡು ಕೊಟ್ಟು ಕೌಂಟರಿನವನ ಕೈ ಕಟ್ಟಿಹಾಕಿದ್ದಾರೆ! ನಾನು ವಾಪಸ್ಸು ಬಂದಾಗ, ‘ಕೈ ತೊಳ್ಯೋಕೆ ಅಷ್ಟು ಹೊತ್ತು ಬೇಕಾಯ್ತಾ ಬೀಗರೇ?’ ಎಂದು ನಕ್ಕರು. ಅಂಥ ಹೆಂಗಸಿನ ಜೊತೆ ನಾನು ಹೇಗೆ ಗೆಲ್ಲಲಿ?

ಕೊನೆಗೆ ನಿನ್ನ ಬುದ್ಧಿವಂತಿಕೆ, ಬಾಳೆಎಲೆಯ ಸಸ್ಯಾಹಾರಿ ಹೋಟೆಲು. ‘ಇಲ್ಲಿ ಯಾರಿಗೂ ತೊಂದರೆ ಇಲ್ಲ ಅಪ್ಪ.’ ಹೌದು, ಯಾರಿಗೂ ತೊಂದರೆ ಇಲ್ಲ. ನಾಲ್ಕು ಜನ ಮಾಂಸಾಹಾರಿಗಳು ಜಗಳ ಬೇಡ ಎಂದು ಹಾಗಲಕಾಯಿ ತಿಂದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಹಾಗಲಕಾಯಿ ಚೆನ್ನಾಗಿತ್ತು, ಅದು ಬೇರೆ ಮಾತು. ಆದರೆ ಅವತ್ತು ವಾಪಸ್ಸು ಬರುವಾಗ ನಾನು ತೀರ್ಮಾನ ಮಾಡಿದೆ. ವರ್ಷವಿಡೀ ಎಲ್ಲಿ ಬೇಕಾದರೂ ತಿನ್ನೋಣ. ಹೊಸ ವರ್ಷದ ಹಿಂದಿನ ಸಂಜೆ, ಮನೆಯವರೆಲ್ಲ ಕೂಡಿ ಉಣ್ಣುವ ಆ ಒಂದು ಊಟ ಮಾತ್ರ ನನ್ನ ಮನೆಯಲ್ಲಿ, ನನ್ನ ಕೈಯಿಂದ. ನೀನು ಮದುವೆಯಾದ ಮೇಲಿನ ಮೊದಲ ಹೊಸ ವರ್ಷಕ್ಕೆ ಶುಕ್ರಿ ನಮ್ಮ ಮನೆಯಲ್ಲಿ ಕಿತ್ತಳೆ ತಿಂದು, ಪೊಟ್ಟಣದ ಪಾನೀಯ ಕುಡಿದು, ಹೋದ. ಅಳಿಯನಿಗೆ ಕಿತ್ತಳೆ ಸುಲಿದು ಕೊಟ್ಟು ಕಳಿಸುವ ಅಡುಗೆಯವನು ಎಂಥ ಅಡುಗೆಯವನು?

ಮುಂದಿನದನ್ನು ನೀನು ಅರ್ಧ ಮಾತ್ರ ನೋಡಿದ್ದೀಯ. ಉಳಿದರ್ಧ ಕೇಳು.

ಹಬ್ಬಕ್ಕೆ ಹತ್ತು ದಿನ ಮೊದಲೇ ನಾನು ಅಡುಗೆಮನೆ ಖಾಲಿ ಮಾಡಿದೆ. ಹಂದಿ ಕೊಬ್ಬಿನ ಜಾಡಿ, ಹಳೇ ಬಾಣಲೆ, ನನ್ನ ತಾತನ ಕಾಲದ ಕೊಚ್ಚುವ ಹಲಗೆ, ಕತ್ತಿ, ಎಲ್ಲವನ್ನೂ ಗಾಡಿಗೆ ಹಾಕಿ ಪೂನ್ ಅಂಗಡಿಯ ಹಿಂಬದಿಯಲ್ಲಿ ಇಟ್ಟೆ. ಗೋಡೆ ಉಜ್ಜಿದೆ. ಒಲೆಯನ್ನು ಬಿಚ್ಚಿ ತೊಳೆದೆ. ಹೊಸ ಬಾಣಲೆ, ಹೊಸ ಪಾತ್ರೆ, ಹೊಸ ತಟ್ಟೆ, ಹೊಸ ಊಟದ ಕಡ್ಡಿ. ಹೊಸ ಕಬ್ಬಿಣದ ಬಾಣಲೆಯನ್ನು ನಾವು ಹಂದಿ ಕೊಬ್ಬು ಉಜ್ಜಿಯೇ ಪಳಗಿಸುವುದು. ನಾನು ಕೊಬ್ಬರಿ ಎಣ್ಣೆ ಹಾಕಿ, ಈರುಳ್ಳಿ ಸೊಪ್ಪು ಹಾಕಿ, ಮೂರು ಸಲ ಹೊಗೆ ಬರಿಸಿ ಪಳಗಿಸಿದೆ. ನಿನ್ನ ಅಮ್ಮ ಬಾಗಿಲಲ್ಲಿ ನಿಂತು, ‘ಏನ್ರೀ, ಬಾಣಲೆಗೂ ಮತ ಬದಲಾಯಿಸಿದ್ರಾ?’ ಎಂದು ಕೇಳಿದಳು. ನಗಬೇಡ. ನನಗೆ ಆಗ ನಗು ಬರಲಿಲ್ಲ.

ಕೋಳಿಗೆ ಮಾರುಕಟ್ಟೆಯ ಆಚೆ ಕಡೆಗೆ, ಹಾಜಿ ತಾಲಿಬ್ ಅವರ ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ಮುಖ ಪರಿಚಯ, ಒಂದು ದಿನವೂ ವ್ಯಾಪಾರ ಮಾಡಿದ್ದಿಲ್ಲ. ‘ಏನ್ ಯಜಮಾನ್ರೇ, ದಾರಿ ತಪ್ಪಿ ಬಂದ್ರಾ?’ ಅಂದರು. ಹಬ್ಬಕ್ಕೆ ಅಳಿಯ ಬರುತ್ತಾನೆ ಅಂದೆ. ಅವರು ನೇತುಹಾಕಿದ್ದ ಕೋಳಿಗಳನ್ನೆಲ್ಲ ಬಿಟ್ಟು ಒಳಗಿನಿಂದ ಒಂದು ತಂದು, ‘ಅಳಿಯನಿಗೆ ಅಂದ್ಮೇಲೆ ಇದು. ಅದೆಲ್ಲ ಊರವರಿಗೆ’ ಅಂದರು. ಸೋಯಾ ಸಾಸಿಗೆ ಕಿರಾಣಿ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಬಾಟಲಿ ಬಾಟಲಿ ತಿರುಗಿಸಿ ಹಲಾಲ್ ಮುದ್ರೆ ಹುಡುಕಿದೆ. ಮಾರುವ ಹುಡುಗಿ ಬಂದು, ‘ಅಂಕಲ್, ನಾಳೆ ಪರೀಕ್ಷೆ ಇದೆಯಾ?’ ಎಂದು ಕೇಳಿದಳು. ಇತ್ತು ಕಣಮ್ಮಾ, ಇತ್ತು.

ಆ ಊಟದ ದಿನ ಬೆಳಿಗ್ಗೆ ಹಿರಿಯರ ಪೂಜೆ. ಈ ವರ್ಷ ಹಿರಿಯರಿಗೂ ಹಂದಿ ಇಡಲಿಲ್ಲ. ಹಣ್ಣು, ಸಿಹಿ ಕಡುಬು, ಮೂರು ಪುಟ್ಟ ಬಟ್ಟಲಲ್ಲಿ ಅಕ್ಕಿ ಹೆಂಡ. ‘ಈ ಸಲ ಹೊಂದಿಸಿಕೊಳ್ಳಿ, ಮಗಳು ಬರ್ತಾಳೆ’ ಎಂದು ತಾತನ ಫೋಟೋಗೆ ಕೈಮುಗಿದೆ. ಪೂಜೆಗೆ ಇಟ್ಟದ್ದು ನಿಮ್ಮ ಊಟಕ್ಕೆ ಬರಬಾರದು ಎಂದು ಅದನ್ನೆಲ್ಲ ಬೇರೆ ಎತ್ತಿಟ್ಟೆ. ಎಲ್ಲ ಲೆಕ್ಕ ಹಾಕಿದ್ದೆ ನಾನು. ಹೆಂಡದ ಬಾಟಲಿಯನ್ನು ಪೂಜೆಯ ಕಪಾಟಿಗೆ ವಾಪಸ್ಸು ಇಡಬೇಕಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಕೋಳಿ ಸೂಪು ಉಕ್ಕಿತು. ಓಡಿ ಹೋಗಿ ಉರಿ ಸಣ್ಣ ಮಾಡಿ, ಕೈಯಲ್ಲಿದ್ದ ಬಾಟಲಿಯನ್ನು ಒಲೆಯ ಪಕ್ಕ ಇಟ್ಟೆ. ಮರೆತೆ.

ಸಂಜೆ ನೀವು ಬಂದಿರಿ. ಶುಕ್ರಿ ಹೊಸ ಕೆಂಪು ಅಂಗಿ ಹಾಕಿದ್ದ. ನೀನು ಅಡುಗೆಮನೆಗೆ ಬಂದು ಹೊಸ ಪಾತ್ರೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ, ಮೂಗು ಒರೆಸಿಕೊಂಡೆ. ಶುಕ್ರಿ ಸೂಪು ಕುಡಿದು ಇನ್ನೊಂದು ಬಟ್ಟಲು ಕೇಳಿದ. ಆ ಇನ್ನೊಂದು ಬಟ್ಟಲಿಗೆ ನಾನು ಎರಡು ವರ್ಷ ಕಾದಿದ್ದೆ. ಆ ಖುಷಿಯಲ್ಲಿಯೇ ಮೀನು ಇಳಿಸಲು ಒಳಗೆ ಹೋದೆ. ನನ್ನ ಬುದ್ಧಿ ಹೊರಗೆ ಮೇಜಿನ ಹತ್ತಿರ ಇತ್ತು, ಒಳಗೆ ಇದ್ದದ್ದು ಕೈ ಮಾತ್ರ.

ಹಬೆಯಲ್ಲಿ ಬೆಂದ ದೊಡ್ಡ ಪಾಂಫ್ರೆಟ್. ಮೇಲೆ ಶುಂಠಿ, ಈರುಳ್ಳಿ ಸೊಪ್ಪು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸೋಯಾ ಹಾಕಿ, ಕಾದ ಬಾಣಲೆಯ ಅಂಚಿಗೆ ಸುತ್ತಲೂ ಒಂದು ಚಮಚ ಅಕ್ಕಿ ಹೆಂಡ. ಚುಂಯ್ ಎನ್ನುತ್ತದೆ, ಉರಿ ಮೇಲೇಳುತ್ತದೆ, ಅದನ್ನು ಮೀನಿನ ಮೇಲೆ ಸುರಿಯಬೇಕು. ನಲವತ್ತೊಂದು ವರ್ಷ, ದಿನಕ್ಕೆ ನೂರು ಬಟ್ಟಲಿಗೆ ಈ ಕೈ ಆ ಒಂದು ಚಮಚ ಹಾಕಿದೆ. ಅವತ್ತೂ ಹಾಕಿತು. ನಾನು ಹಾಕಲಿಲ್ಲ ಯಿನ್, ಕೈ ಹಾಕಿತು. ಇದು ನೆಪ ಎಂದು ನೀನು ಅನ್ನಬಹುದು. ಬೈಕೋ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನನ್ನದು ಕಲಿತ ಗುಣ, ಅದೂ ಹೋಗಲಿಲ್ಲ.

ನಾನು ತಟ್ಟೆ ತಂದು ಮೇಜಿನ ಮೇಲಿಟ್ಟೆ. ನೀನು ಮಗುವಿನ ಹಾಗೆ ಕೈ ತಟ್ಟಿ, ‘ಮೀನಲ್ಲಿ ಕೆನ್ನೆ ಮಾಂಸವೇ ರುಚಿ, ಅದು ಇವರಿಗೆ, ನಾನು ಇಪ್ಪತ್ತೈದು ವರ್ಷ ತಿಂದಿದ್ದೀನಿ’ ಅಂದೆ. ನಿನ್ನ ಕಡ್ಡಿಯನ್ನು ಮೀನಿನ ಕೆನ್ನೆಗೆ ಹಾಕಿದೆ. ಆಗ ಹಬೆ ನನ್ನ ಮೂಗಿಗೆ ಬಂತು. ತಿರುಗಿ ನೋಡಿದೆ. ಒಲೆಯ ಪಕ್ಕ ಬಾಟಲಿ, ಮುಚ್ಚಳ ತೆಗೆದದ್ದು.

ನಿನಗೆ ಅನಿಸಿರಬಹುದು, ‘ನಿಲ್ಲಮ್ಮಾ, ಇದರಲ್ಲಿ ಹೆಂಡ ಬಿದ್ದಿದೆ’ ಎಂದು ಹೇಳಲು ಎಷ್ಟು ಹೊತ್ತು ಬೇಕು ಎಂದು. ನನಗೂ ಆಮೇಲೆ ಸಾವಿರ ಸಲ ಅನಿಸಿದೆ. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಇಷ್ಟೇ. ಈಗ ಬಾಯಿ ಬಿಟ್ಟರೆ ಈ ಹುಡುಗ ಇನ್ನು ಈ ಮನೆಯ ನೀರನ್ನೂ ನಂಬುವುದಿಲ್ಲ. ಕುಡಿದ ಸೂಪನ್ನು ಅನುಮಾನಿಸುತ್ತಾನೆ. ಹೋದ ವರ್ಷದ ಕಿತ್ತಳೆಯನ್ನೂ ಅನುಮಾನಿಸುತ್ತಾನೆ. ಅವನು ಒಳ್ಳೆಯವನು, ಮುಖಕ್ಕೆ ಹೇಳುವುದಿಲ್ಲ, ನಗುತ್ತಾ ಕಿತ್ತಳೆಗೆ ವಾಪಸ್ಸು ಹೋಗುತ್ತಾನೆ. ನೀನೂ ಅವನ ಹಿಂದೆ ಹೋಗುತ್ತೀಯ. ಬಾಯಿ ಕಟ್ಟಿತು. ಕೈ ಮಾತ್ರ ಎದ್ದಿತು. ‘ಮುಟ್ಟಬೇಡಿ!’ ಎಂದು ಕೂಗಿ ತಟ್ಟೆಯನ್ನು ಬೀಸಿ ಹೊಡೆದೆ.

ಉಳಿದದ್ದು ನೀನು ನೋಡಿದ್ದೀಯ. ವರ್ಷವಿಡೀ ಸಮೃದ್ಧಿ ಮಿಗಲಿ ಎಂದು ತಲೆಬಾಲ ಸಮೇತ ಇಡುವ ಹಬ್ಬದ ಮೀನು ನೆಲದ ಮೇಲೆ, ಸೋಯಾ ಶುಕ್ರಿಯ ಅಂಗಿಯ ಮೇಲೆ, ತಟ್ಟೆ ನಾಲ್ಕು ಚೂರು. ನಿನ್ನ ಅಮ್ಮ ಅಪಶಕುನ ಕಳೆಯಲು, ‘ನೆಲಕ್ಕೆ ಬಿದ್ದದ್ದು ಹೂವಾಗಿ ಅರಳಲಿ, ಹೂವಾಗಿ ಅರಳಲಿ’ ಎಂದು ಒಂದೇ ಸಮನೆ ಹೇಳುತ್ತಿದ್ದಳು. ನೀನು ಎದ್ದು ನಿಂತೆ. ‘ಮನಸ್ಸಲ್ಲಿದ್ದದ್ದು ಕೊನೆಗೂ ಹೊರಗೆ ಬಂತಲ್ಲ ಅಪ್ಪ. ಹೊಸ ಪಾತ್ರೆ ತಂದು ಎಷ್ಟು ಚೆನ್ನಾಗಿ ನಾಟಕ ಆಡಿದೆ!’ ಅಂದೆ. ನಿನ್ನ ಗಂಡ, ಅಂಗಿಯ ಮೇಲೆ ಸೋಯಾ ಸುರಿಯುತ್ತಿದ್ದರೂ, ‘ಹೋಗ್ಲಿ ಬಿಡು, ಮಾವನಿಗೆ ಬೆಳಗ್ಗಿಂದ ಸುಸ್ತಾಗಿರುತ್ತೆ’ ಎಂದು ಹೇಳಿ, ಹೊರಡುವಾಗ ಮತ್ತೆ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಎದೆಗೆ ಮುಟ್ಟಿಸಿಕೊಂಡ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೀನನ್ನು ಪಕ್ಕದ ಮನೆಯ ಬೆಕ್ಕು ತಿಂದಿತು. ಆ ಮುಂಡೇದಕ್ಕೆ ಮಾತ್ರ ಹೊಸ ವರ್ಷ ಚೆನ್ನಾಗಿ ಶುರುವಾಯಿತು.

ಕೆಟ್ಟ ಕೋಪದವನು ಎನಿಸಿಕೊಂಡರೆ ಪರವಾಗಿಲ್ಲ, ಅದು ಊರಿಗೇ ಗೊತ್ತಿರುವ ವಿಷಯ, ನಾಲ್ಕು ದಿನದಲ್ಲಿ ಮರೆಯುತ್ತೀಯ ಎಂದುಕೊಂಡೆ. ನಂಬಿಕೆ ಹೋದರೆ ವಾಪಸ್ಸು ಬರುವುದಿಲ್ಲ ಎಂದುಕೊಂಡೆ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ತಪ್ಪು ಬಟ್ಟಲನ್ನು ತಪ್ಪು ಮೇಜಿಗೆ ಒಂದು ದಿನವೂ ಕೊಡದವನು ನಾನು ಎಂಬ ಸೊಕ್ಕು. ಆ ಒಂದು ಚಮಚ ಒಪ್ಪಿಕೊಳ್ಳುವುದಕ್ಕಿಂತ ತಟ್ಟೆ ಒಡೆದವನಾಗುವುದು ನನಗೆ ಸುಲಭವಾಯಿತು. ನಾಲ್ಕು ದಿನ ಅಂದುಕೊಂಡದ್ದು ನಾಲ್ಕು ತಿಂಗಳಾಯಿತು. ಮಾಡಿದ್ದುಣ್ಣೋ ಮಹರಾಯ.

ನಿನ್ನೆ ಏನಾಯಿತು ಕೇಳು. ನಿನ್ನ ಅಮ್ಮ ನನ್ನ ಮುಂದೆ ಮತ್ತೆ ಬರೀ ಗಂಜಿ ಇಟ್ಟಳು. ನಾಲ್ಕು ತಿಂಗಳಿಂದ ರಾತ್ರಿ ಊಟಕ್ಕೆ ಗಂಜಿ, ಉಪ್ಪಿನಕಾಯಿ. ‘ಇದೇನು ಜೈಲಾ?’ ಎಂದು ಕೇಳಿದೆ. ‘ಜೈಲೇ. ಬಾಯಿ ಬಿಡೋವರೆಗೂ’ ಅಂದಳು. ಏನು ಬಾಯಿ ಬಿಡಬೇಕು ಅಂದೆ. ಅವಳು ಸೌಟು ಕೆಳಗಿಟ್ಟಳು. ‘ಅವತ್ತು ನೆಲ ಒರೆಸಿದ್ದು ಯಾರು? ನಾನು. ನಾನೇನು ಮೂಗು ಮಾರ್ಕೊಂಡಿದ್ದೀನಾ? ಬಟ್ಟೆ ಹಿಂಡಿದ ತಕ್ಷಣ ಗೊತ್ತಾಯ್ತು.’

ಗೊತ್ತಿತ್ತು! ಮೊದಲ ದಿನದಿಂದ ಅವಳಿಗೆ ಗೊತ್ತಿತ್ತು! ನಿನ್ನ ಮನೆಗೆ ಬಂದು, ನಿನ್ನ ಎದುರು ಕೂತು, ನಿನ್ನ ಮಾತು ಕೇಳಿಕೊಂಡು, ಅದನ್ನು ನನಗೆ ಒಪ್ಪಿಸಿ, ನಾನು ನರಳುವುದನ್ನು ನೋಡುತ್ತಾ ಗಂಜಿ ಬಡಿಸಿದ್ದಾಳೆ. ಹೇಳಬಾರದಿತ್ತೇ ಎಂದು ಕೂಗಿದೆ. ‘ನಾನ್ಯಾಕೆ ಹೇಳ್ಲಿ? ಅವಳು ಬೇಜಾರು ಮಾಡ್ಕೊಂಡಿರೋದು ನನ್ನ ಮೇಲಲ್ಲ. ನಾನು ಹೇಳಿದ್ರೆ ಗಂಡನ್ನ ಬಚಾವ್ ಮಾಡ್ತಿದ್ದಾಳೆ ಅಂತಾಳೆ. ಕೈ ನಿಮ್ಮದು, ಬಾಯೂ ನಿಮ್ಮದೇ ಆಗ್ಲಿ’ ಅಂದಳು. ಮೂವತ್ತೈದು ವರ್ಷ ಇವಳ ಜೊತೆ ಬದುಕಿದ್ದೇನೆ. ನನಗೂ ಯಾರಾದರೂ ಒಂದು ಪದಕ ಕೊಡಬೇಕು.

ಆದ್ದರಿಂದ ಈ ಪತ್ರ. ಇದನ್ನು ಶುಕ್ರಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೇಳಿದ ಮೇಲೆ ಅವನು ಇನ್ನು ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಎಂದರೆ ನಾನು ಅವನನ್ನು ತಪ್ಪು ತಿಳಿಯುವುದಿಲ್ಲ. ನನ್ನ ಕೈಯನ್ನು ಇನ್ನು ನಾನೇ ಪೂರ್ತಿ ನಂಬುವುದಿಲ್ಲ, ಅವನು ಯಾಕೆ ನಂಬಬೇಕು? ಆದರೆ ಅವನ ಅಂಗಿಗೆ ನಾನು ಕ್ಷಮೆ ಕೇಳಬೇಕು. ಅದನ್ನು ಎದುರಿಗೇ ಕೇಳುತ್ತೇನೆ. ಹೇಗೆ ಕೇಳುವುದೆಂದು ನನಗೆ ಅಭ್ಯಾಸವಿಲ್ಲ, ನಿನ್ನ ಅಮ್ಮನ ಮುಂದೆ ಎರಡು ಸಲ ಪ್ರಯತ್ನ ಮಾಡಿದೆ, ‘ಇದು ಕ್ಷಮೆ ಕೇಳಿದ ಹಾಗಿಲ್ಲ, ಆರ್ಡರ್ ಕೂಗಿದ ಹಾಗಿದೆ’ ಅಂದಳು.

ಬರುವ ಭಾನುವಾರ ನಾನು ಅಂಗಡಿ ಮುಚ್ಚುತ್ತೇನೆ. ಭಾನುವಾರ! ಪೂನ್‌ಗೆ ಹೇಳಿದಾಗ ಅವನು ಕಾಫಿ ಸೋಸುವ ಬಟ್ಟೆ ಕೈಯಿಂದ ಬಿಟ್ಟ. ಬೆಳಿಗ್ಗೆ ಹತ್ತಕ್ಕೆ ನಾನೂ ನಿನ್ನ ಅಮ್ಮನೂ ಕ್ವಾಲಾ ಕಂಗ್ಸಾರ್‌ನ ಹೊಳೆ ದಂಡೆಯ ಲಕ್ಸಾ ಅಂಗಡಿಗಳ ಹತ್ತಿರ ಇರುತ್ತೇವೆ. ಮೀನಿನ ಸಾರು, ಹುಳಿ, ಕೈಯಲ್ಲಿ ಒತ್ತಿದ ಶಾವಿಗೆ. ಅದನ್ನು ಮಾಡುವುದು ನನಗೆ ಬರುವುದಿಲ್ಲ, ಆದ್ದರಿಂದ ನಾನು ಯಾರ ಒಲೆಯ ಹತ್ತಿರವೂ ಹೋಗುವುದಿಲ್ಲ, ಕೈಕಟ್ಟಿ ಕೂತಿರುತ್ತೇನೆ. ನಾಲ್ಕು ಕುರ್ಚಿ ಹಿಡಿದಿರುತ್ತೇನೆ. ಆ ಜಾಗದಲ್ಲಿ ಭಾನುವಾರ ಖಾಲಿ ಕುರ್ಚಿ ಹಿಡಿದು ಕೂರುವುದು ಎಂದರೆ ಎಷ್ಟು ಜನರ ಕೆಂಗಣ್ಣಿಗೆ ಗುರಿಯಾಗಬೇಕು ಎಂದು ನಿನಗೆ ಗೊತ್ತು. ಹನ್ನೊಂದಾದರೂ ಹಿಡಿದಿರುತ್ತೇನೆ, ಹನ್ನೆರಡಾದರೂ ಹಿಡಿದಿರುತ್ತೇನೆ. ಯಾರಾದರೂ ಕೇಳಿದರೆ ಜಗಳ ಆಡುತ್ತೇನೆ.

ಇನ್ನು ನಿನ್ನ ಆ ಮಾತಿಗೆ ಉತ್ತರ. ಅಪ್ಪ ನಮ್ಮನ್ನು ಒಪ್ಪಲೇ ಇಲ್ಲ ಅಂದೆಯಲ್ಲ. ನಿನ್ನ ಕಡ್ಡಿ ಆ ಮೀನಿನ ಕೆನ್ನೆಯ ಮೇಲಿತ್ತು ಯಿನ್. ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೇ. ನಿನ್ನ ದಾರಿಯನ್ನು ಒಪ್ಪದವನಾಗಿದ್ದರೆ ನಾನು ಏನು ಮಾಡಬೇಕಿತ್ತು ಹೇಳು? ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಕೂತು, ‘ತಿನ್ನಿ, ಬಿಸಿ ಇದೆ’ ಎಂದಿದ್ದರೆ ಸಾಕಿತ್ತು.

ನಿನ್ನ ಬಟ್ಟಲು ಎಂದೂ ಬರಿದಾಗದಿರಲಿ, ನಿನಗೆ ಬೇಡವಾದದ್ದು ಅದರೊಳಗೆ ಯಾರ ಕೈಯಿಂದಲೂ ಬೀಳದಿರಲಿ.

ಇಷ್ಟು ಬರೆದು ಕೈ ನೋಯಿಸಿಕೊಂಡ,
ನಿನ್ನ ಅಪ್ಪ
ಲಿಯು ಕೊಕ್ ಥಾಯ್